ಬಾಯಾರಿದ ಶಿವ ನೀರು ಕುಡಿದ ಸಂಜೆ

ನಾನು ಚಿಕ್ಕವನಿದ್ದಾಗ ಒಂದು ಸಂಜೆ ಅಕ್ಕನ ಇಳಕಲ್ ಸೀರೆ ಉಟ್ಟು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಇಡೀ ಆಳಂದದ ಮುಂದೆ ನಿಂತಿದ್ದೆ. ನಗಬೇಡಿ. ಆಗಿನ ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನೂ ಹುಡುಗರೇ ಮಾಡುತ್ತಿದ್ದರು. ಅಂದು ನಾನು ಕುಂಬಾರನ ಹೆಂಡತಿ. ನನ್ನೆದುರು ನಿಂತಿದ್ದವನು ಶಿವ.

ಆಗ ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಶಾಲೆಯಲ್ಲಿ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವನ್ನೂ ಉರ್ದುವಿನಲ್ಲಿ ಕಲಿಯುತ್ತಿದ್ದೆವು. ಮನೆಯ ಮಾತಾದ ಕನ್ನಡಕ್ಕೆ ದಿನಕ್ಕೆ ಒಂದೇ ಗಂಟೆ. ಆ ಗಂಟೆಯ ಮಾಸ್ತರ ನನ್ನ ಅಪ್ಪ. ಹೈಸ್ಕೂಲಿನ ವಾರ್ಷಿಕ ಜಲ್ಸೆಗೆ ಆ ವರ್ಷ ಕನ್ನಡದಲ್ಲಿ ಒಂದು ಹಾಡಿನ ನಾಟಕ ಆಡಿಸಬೇಕೆಂಬ ಆಸೆ ಅಪ್ಪನಿಗೆ ಬಂತು. ಕಥೆಯನ್ನು ತಾನೇ ಕಟ್ಟಿದ. ಸುಡುವ ಬೇಸಿಗೆಯಲ್ಲಿ ಶಿವ ಜಂಗಮನ ವೇಷ ಹಾಕಿಕೊಂಡು ಊರಿಗೆ ಬರುತ್ತಾನೆ. ಮನೆಮನೆಯ ಮುಂದೆ ನಿಂತು ನೀರು ಕೇಳುತ್ತಾನೆ. ಎಲ್ಲರೂ ಒಂದೊಂದು ನೆಪ ಹೇಳುತ್ತಾರೆ. ಕೊನೆಗೆ ಕುಂಬಾರನ ಹೆಂಡತಿ, ಮಣ್ಣು ಕಲಸಲು ಎತ್ತಿಟ್ಟ ಒಂದೇ ಕೊಡ ನೀರನ್ನು ಅವನ ಬೊಗಸೆಗೆ ಸುರಿಯುತ್ತಾಳೆ. ಇಷ್ಟೇ.

ಹೆಡ್ ಮಾಸ್ತರರು ಹೈದರಾಬಾದಿನವರು. ಕಪ್ಪು ಶೇರ್ವಾನಿ, ಕಡಿಮೆ ಮಾತು. ಅಪ್ಪ ಬರೆದುಕೊಟ್ಟ ಅರ್ಜಿಯನ್ನು ಎರಡು ಸಲ ಓದಿ ಅವರು ಹೇಳಿದ್ದನ್ನು ಅಪ್ಪ ಮನೆಗೆ ಬಂದು ನಮಗೆ ಹೇಳಿದ. ಸರಕಾರಿ ಶಾಲೆ, ದೇವರ ನಾಟಕ, ಊರಿನಲ್ಲಿ ಎರಡೂ ಮತದವರಿದ್ದಾರೆ. ಯಾವ ಕಡೆಯಿಂದಲಾದರೂ ಒಂದು ತಕರಾರು ಬಂದರೆ ಮೇಲಿನವರು ಕನ್ನಡ ಗಂಟೆಯನ್ನೇ ಬಂದ್ ಮಾಡಿಸುತ್ತಾರೆ, ತಮ್ಮಿಂದ ತಡೆಯಲಾಗದು. ಇಷ್ಟು ಹೇಳಿ ಅವರು ಸಹಿ ಹಾಕಿದ್ದರು. ಇನ್ನೊಂದು ಊರಿನ ಶಾಲೆಯಲ್ಲಿ ಹಾಗೆ ಆಗಿಯೇ ಇತ್ತು. ಅಲ್ಲಿನ ಕನ್ನಡ ಮಾಸ್ತರರು ನೌಕರಿ ಕಳೆದುಕೊಂಡು ಈಗ ಅಂಗಡಿಯಲ್ಲಿ ಕುಳಿತಿದ್ದಾರೆಂದು ಅಪ್ಪ ಹೇಳಿದಾಗ, ಅಕ್ಕ ಜೋಳ ಬೀಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

ಶಿವನ ಪಾತ್ರಕ್ಕೆ ಅಪ್ಪ ಆರಿಸಿದ್ದು ನನ್ನ ಗೆಳೆಯನನ್ನು. ಇಡೀ ಶಾಲೆಯಲ್ಲಿ ಅವನಂಥ ಕಂಠ ಇನ್ನೊಬ್ಬನಿಗೆ ಇರಲಿಲ್ಲ. ಆ ಕಂಠ ಬಂದದ್ದು ಅವನ ತಂದೆಯಿಂದ. ಶಾಲೆಯ ಗೋಡೆಗೆ ಹತ್ತಿಕೊಂಡೇ ಇದ್ದ ಮಸೀದಿಯಲ್ಲಿ ದಿನಕ್ಕೆ ಐದು ಸಲ ಅಜಾನ್ ಕೂಗುತ್ತಿದ್ದವರು ಅವರೇ. ನಾವು ಅವರನ್ನು ಮುಲ್ಲಾ ಕಾಕಾ ಎನ್ನುತ್ತಿದ್ದೆವು.

ಮೊದಲು ಅಪ್ಪ ನಮ್ಮಿಬ್ಬರನ್ನು ಮಠಕ್ಕೆ ಕರೆದೊಯ್ದ. ಮಠದ ಸ್ವಾಮಿಗಳಿಗೆ ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಮುಸ್ಲಿಮರ ಹುಡುಗ ಶಿವನ ವೇಷ ಹಾಕುವುದೆಂದರೆ ಅವರು ಏನೆನ್ನುವರೋ ಎಂದು ಅಪ್ಪನಿಗೆ ಅಳುಕಿತ್ತು. ಗೆಳೆಯ ನಿಂತಲ್ಲೇ ಒಂದು ಹಾಡು ಹಾಡಿದ. ಅಜ್ಜಾರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಬಹಳ ಹೊತ್ತು ತೆರೆಯಲಿಲ್ಲ. ನಾನು ಅವರು ನಿದ್ದೆ ಹೋದರೆಂದೇ ತಿಳಿದಿದ್ದೆ.

"ಮಾಸ್ತರ, ಮಾಡಸ್ರಿ," ಎಂದರು ಕೊನೆಗೆ. "ಖರೇ, ದೇವರ ವೇಷ ಹಾಕಿದವರು ಅವತ್ತು ಉಪಾಸ ಇರಬೇಕು. ಆಟದಾಗ ಶಿವ ನೀರು ಕುಡಿಯೂತನಕ ಈ ಹುಡುಗನ ಬಾಯಾಗ ಒಂದು ಹನಿ ನೀರೂ ಹೋಗಬಾರದು. ಆಗ್ತದೇನಪಾ ನಿನ್ನ ಕೈಲೆ?"

ಅಲ್ಲಿಂದ ಮಸೀದಿಗೆ ಹೋಗಿ ಅಪ್ಪ ಇದನ್ನು ಹೇಳಿದಾಗ ಮುಲ್ಲಾ ಕಾಕಾ ನಕ್ಕುಬಿಟ್ಟರು. "ಒಂದ್ ದಿನಾ ಏನ್ರಿ ಮಾಸ್ತರ! ರಮಜಾನ್ ತಿಂಗಳಪೂರ್ತಿ ರೋಜಾ ಹಿಡದಾನ ನಮ್ಮ ಹುಡುಗ. ಅಜ್ಜಾರಿಗೆ ಹೇಳ್ರಿ, ಇನ್ನೂ ನಾಕ್ ದಿನಾ ಬೇಕಾದ್ರೂ ಇರ್ತಾನ."

"ವಿಭೂತಿ ಹಚ್ಚಬೇಕಾಗ್ತದ, ಕಾಕಾ," ಎಂದ ಅಪ್ಪ ಮೆಲ್ಲಗೆ.

"ಹಚ್ರಿ. ದರ್ಗಾಕ್ಕ ಹೋದ್ರ ಅಲ್ಲೂ ಹಣಿಗಿ ಬೂದಿ ಹಚ್ಚತಾರ. ಆದ್ರ ನಂದೂ ಎರಡು ಮಾತವ. ಅವ ಯಾವ ಮೂರ್ತಿಗೂ ತಲಿ ಬಾಗಸಂಗಿಲ್ಲ. ಮತ್ತ ಸಂಜೀ ಅಜಾನ್ ಹೊತ್ತಿಗೆ ಪೇಟಿ, ತಬಲಾ ಬಂದ್ ಆಗಬೇಕು."

ಮಸೀದಿಯ ಮುಂದೆ ಬಾಜಾ ನಿಲ್ಲಿಸುವುದು ಊರಿನ ಹಳೆಯ ರೂಢಿ. ಅದಕ್ಕೆ ಒಂದು ಸುಲಭದ ದಾರಿಯೂ ಸಿಕ್ಕಿತು. ಕಾಕಾ ಮೊದಲ ಸಾಲಿನಲ್ಲಿ ಕುಳಿತು ನಾಟಕ ನೋಡುವುದು. ಅವರು ಎದ್ದರೆಂದರೆ ಅಜಾನ್ ಹೊತ್ತಾಯಿತೆಂದು ತಿಳಿದು ತಬಲಾದವನು ಕೈ ತಡೆಯುವುದು. ಅದಕ್ಕಿಂತ ನಂಬಿಕಸ್ಥ ಗಡಿಯಾರ ಎಲ್ಲಿದೆ ಎಂದು ಅಪ್ಪ ನಿಶ್ಚಿಂತನಾದ.

ಹಾಡುಗಳ ಮಾತು ಅಪ್ಪನದು, ಧಾಟಿ ಅಕ್ಕನದು. ನಸುಕಿನಲ್ಲಿ ಜೋಳ ಬೀಸುತ್ತ ಅವಳು ಹಾಡುತ್ತಿದ್ದ ಧಾಟಿಗಳಿಗೇ ಅಪ್ಪ ಮಾತು ಕೂಡಿಸಿದ್ದ. ಗೆಳೆಯ ನಮ್ಮ ಹೊಸ್ತಿಲ ಹೊರಗೆ ಕುಳಿತು ಕಲಿಯುತ್ತಿದ್ದ, ಅಕ್ಕ ಒಳಗಿನಿಂದ ಬೀಸುತ್ತಲೇ ತಿದ್ದುತ್ತಿದ್ದಳು. "ಅಲ್ಲಿ ಉಸುರು ಬಿಡಬ್ಯಾಡೋ! ಬೀಸೂಕಲ್ಲು ಒಂದು ಸುತ್ತು ಬರೂತನಕ ಎಳಿ." ಅವನು ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ದನಿ ಎಳೆಯುತ್ತಿದ್ದ. ಅಂಗಳಕ್ಕೆ ಹಿಟ್ಟಿನ ಬಿಸಿ ವಾಸನೆ ಬರುತ್ತಿತ್ತು.

ಜಲ್ಸೆಯ ದಿನ ಬಂತು. ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಫರಸಿ ಕಲ್ಲು ಜೋಡಿಸಿ ಕಟ್ಟೆ ಮಾಡಿದ್ದರು. ಅದೇ ನಮ್ಮ ರಂಗ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು ಜೇವರ್ಗಿಯಿಂದ ಬಂದಿದ್ದರು. ಅಫಜಲಪುರದ ಕಡೆಯ ಬೀಗರು ಬಂಡಿ ಕಟ್ಟಿಕೊಂಡು ಬಂದಿದ್ದರು. ಸುತ್ತಲಿನ ಮಾಳಿಗೆಗಳ ಮೇಲೆ ಹೆಂಗಸರು ಸೆರಗು ಹೊದ್ದು ಕುಳಿತಿದ್ದರು. ಅಕ್ಕ ನನಗೆ ಸೀರೆ ಉಡಿಸಿ, ಬಳೆ ತೊಡಿಸಿ, ಗಲ್ಲಕ್ಕೆ ಒಂದು ತಿವಿದು, "ಸೀರಿ ಹರಕೊಂಡು ಬಂದೀಯಂದ್ರ ನೋಡು, ಕುಂಬಾರತಿ!" ಎಂದು ಹೇಳಿ ಮಾಳಿಗೆ ಹತ್ತಿದಳು.

ಮಧ್ಯಾಹ್ನದ ನಂತರದ ನಮಾಜು ಮುಗಿದ ಕೂಡಲೇ ನಾಟಕ ಶುರುವಾಯಿತು. ಒಂದು ಕಡೆ ಅಜ್ಜಾರು, ಇನ್ನೊಂದು ಕಡೆ ಮುಲ್ಲಾ ಕಾಕಾ, ನಡುವೆ ಕುರ್ಚಿಯಲ್ಲಿ ಹೆಡ್ ಮಾಸ್ತರರು. ಅಪ್ಪ ಬೇವಿನ ಮರಕ್ಕೆ ಆತು ನಿಂತಿದ್ದ. ಅವನ ಕಣ್ಣು ನಮ್ಮ ಮೇಲೆ ಇರಲಿಲ್ಲ, ಜನರ ಮೇಲೆ ಇತ್ತು. ಯಾರಾದರೂ ಹುಬ್ಬು ಗಂಟಿಕ್ಕುತ್ತಾರೋ, ಯಾರಾದರೂ ಎದ್ದು ಹೋಗುತ್ತಾರೋ ಎಂದು ನೋಡುತ್ತಿದ್ದ.

ಗೆಳೆಯ ಕಾವಿ, ರುದ್ರಾಕ್ಷಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಜೋಳಿಗೆ, ಬೆತ್ತ ಹಿಡಿದು ಬಂದ. ದಿನಾಲೂ ನನ್ನ ಜೊತೆ ಗೋಲಿ ಆಡುತ್ತಿದ್ದ ಹುಡುಗ ಅವನು. ಆದರೆ ಬಂದು ನಿಂತವನು ಅವನಾಗಿರಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಕುಡಿದಿರಲಿಲ್ಲ. ತುಟಿ ನಿಜವಾಗಿಯೇ ಒಣಗಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಮಾಳಿಗೆಯ ಮೇಲಿನಿಂದ ಒಬ್ಬ ಮುದುಕಿ, "ಯವ್ವಾ, ನನ್ನಪ್ಪ ಎಷ್ಟು ದಣದಾನ!" ಎಂದದ್ದು ನನಗೆ ಕೇಳಿಸಿತು. ಮೂರು ಮನೆಗಳಲ್ಲಿ ನೆಪ ಕೇಳಿಕೊಂಡು ಅವನು ನನ್ನ ಮುಂದೆ ಬಂದು ನಿಂತು ಹಾಡಿದ:

ಊರೆಲ್ಲ ತಿರುಗಿದೆ, ಬಾಗಿಲೆಲ್ಲ ಬಡಿದೆ,
ಬೊಗಸೆಯ ಒಡ್ಡೀನಿ, ತಾಯೇ.

'ತಾಯೇ' ಎನ್ನುವಾಗ ಅವನ ಬಲಗೈ ತಾನಾಗಿ ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ಆ ದನಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳಲಾರೆ. ಬೇವಿನ ಮೇಲಿನ ಗಿಳಿಗಳು ಸುಮ್ಮನಾದವು. ಹಾಡು ಮುಗಿಯಿತು.

"ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ನಮ್ಮ ಕಡೆ ನಾಟಕದಲ್ಲಿ ಹಾಡು ಹಿಡಿಸಿದರೆ ಹಾಗೆ ಕೂಗುವುದು, ಕೂಗಿದರೆ ಮತ್ತೆ ಹಾಡುವುದು, ಎರಡೂ ಪದ್ಧತಿ. ಗೆಳೆಯ ಮತ್ತೆ ಹಾಡಿದ. ಅಫಜಲಪುರದವರು ಇನ್ನೊಂದು ಸಲ ಕೂಗಿದರು. ಮತ್ತೆ ಹಾಡಿದ. ನಾನು ಕೊಡ ಹೊತ್ತು, ಸೊಂಟ ನೋಯುತ್ತಿದ್ದರೂ, ನಿಂತೇ ಇದ್ದೆ. ಇನ್ನೇನು ನೀರು ಸುರಿಯಬೇಕು, ಆಗ ಮೂರನೆಯ "ಒನ್ಸ್ ಮೋರ್!" ಬಂತು. ಮುಂದಿನ ಸಾಲಿನಿಂದ. ಕೂಗಿದವರು ಮುಲ್ಲಾ ಕಾಕಾ.

ಅವರ ಗಡ್ಡ ಕಣ್ಣೀರಿನಿಂದ ತೊಯ್ದಿತ್ತು. ತಾವು ಎಲ್ಲಿ ಕುಳಿತಿದ್ದೇವೆಂಬ ಎಚ್ಚರ ಅವರಿಗೆ ಇದ್ದಂತೆ ಕಾಣಲಿಲ್ಲ. ಗೆಳೆಯ ತಂದೆಯನ್ನೇ ನೋಡುತ್ತ ನಾಲ್ಕನೆಯ ಸಲ ಹಾಡಲು ತೊಡಗಿದ. ಅವನ ದನಿ ಇನ್ನೂ ಮೇಲಕ್ಕೆ ಹೋಯಿತು. ತಬಲಾದವನು ಕಾಕಾ ಏಳುವುದನ್ನೇ ಕಾಯುತ್ತಿದ್ದ. ಕಾಕಾ ಏಳಲಿಲ್ಲ.

ಶಾಲೆಯ ಗೋಡೆಯ ತುದಿಗಿದ್ದ ಕೆಂಪು ಬಿಸಿಲು ಆರಿಹೋಗಿತ್ತು. ಗಮನಿಸಿದವನು ಶಿವ. ಹಾಡಿನ ನಡುವೆ ಅವನ ಬಾಯಿ ನಿಂತಿತು. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ಅಬ್ಬಾ," ಎಂದು ತಂದೆಯನ್ನು ಕರೆದ, ಪಿಸುಮಾತಿನಲ್ಲಿ. "ಹೊತ್ತು ಮುಳುಗೇದ."

ಕಾಕಾ ಬೆಚ್ಚಿ ಎದ್ದರು. ಚಪ್ಪಲಿ ಮೆಟ್ಟದೆ ಗೋಡೆಯ ಸಣ್ಣ ಬಾಗಿಲಿನಿಂದ ಓಡಿದರು. ಪೇಟಿಯ ಗಾಳಿ ನಿಂತಿತು. ತಬಲಾದವನು ಎರಡೂ ಅಂಗೈಯನ್ನು ತಬಲಾದ ಮೇಲೆ ಒತ್ತಿ ಹಿಡಿದ. ದೂರದಲ್ಲಿ ಮೇಯ್ದು ಬರುವ ದನಗಳ ಗಂಟೆ ಕೇಳುತ್ತಿತ್ತು.

ಆಮೇಲೆ ಅಜಾನ್ ಎದ್ದಿತು. ದಿನಾಲೂ ಕೇಳಿದ್ದೇ ಆದರೂ ಅಂಥದನ್ನು ನಾನು ಹಿಂದೆ ಕೇಳಿರಲಿಲ್ಲ. ಓಡಿದ್ದಕ್ಕೋ ಅತ್ತದ್ದಕ್ಕೋ ಕಾಕಾರ ದನಿ ಮೊದಲು ನಡುಗಿತು, ಆಮೇಲೆ ತುಂಬಿತು. ಮಗ ಎಲ್ಲಿ ಬಿಟ್ಟಿದ್ದನೋ ತಂದೆ ಆ ಎತ್ತರದಿಂದಲೇ ಹಿಡಿದಂತೆ ಇತ್ತು. ಅಜ್ಜಾರು ಕೈಯಲ್ಲಿದ್ದ ರುದ್ರಾಕ್ಷಿ ಸರವನ್ನು ಸುಮ್ಮನೆ ಹಿಡಿದುಕೊಂಡು ತಲೆ ತಗ್ಗಿಸಿದ್ದರು.

ಗೆಳೆಯ ನನ್ನ ಕಡೆ ತಿರುಗಿ ಬೊಗಸೆ ಒಡ್ಡಿದ. ಅಪ್ಪ ಬರೆದ ನಾಟಕದಲ್ಲಿ ಹಾಗೆ ಇರಲಿಲ್ಲ. ಹಾಡು ಮುಗಿದ ಮೇಲೆ ನೀರು. ಆದರೆ ರೋಜಾ ಹಿಡಿದವರು ಈ ಅಜಾನ್ ಕೇಳಿಯೇ ಉಪವಾಸ ಬಿಡುತ್ತಾರೆಂಬುದು ನನಗೆ ಗೊತ್ತಿತ್ತು. ಪ್ರತಿ ರಮಜಾನ್‌ನಲ್ಲೂ ಅವರ ಕಟ್ಟೆಯ ಮೇಲೆ ಖರ್ಜೂರಕ್ಕಾಗಿ ಕಾಯುತ್ತಿದ್ದವನಲ್ಲವೇ ನಾನು. ಕೊಡ ಬಾಗಿಸಿದೆ. ಅವನು ತುಟಿಯಲ್ಲೇ ಬಿಸ್ಮಿಲ್ಲಾ ಎಂದು ಕುಡಿದ. ನೀರು ಅವನ ಮೊಳಕೈಯಿಂದ ಇಳಿದು ಫರಸಿಯ ಮೇಲೆ ಬೀಳುತ್ತಿತ್ತು, ಆ ಸದ್ದೂ ಕೇಳುವಷ್ಟು ಮೌನ.

"ಶಿವ ನೀರು ಕುಡದ," ಎಂದಳು ಮಾಳಿಗೆಯ ಮುದುಕಿ. ಹೆಂಗಸರು ಕೈ ಮುಗಿದರು. ಈ ಕಡೆ ಟೊಪ್ಪಿಗೆ ಹಾಕಿದ ಹಿರಿಯರೊಬ್ಬರು, "ಹುಡುಗನ ರೋಜಾ ಬಿಡ್ತು," ಎಂದು ಪಕ್ಕದವರಿಗೆ ಹೇಳಿದರು. ಇಬ್ಬರೂ ಒಂದೇ ನೀರನ್ನು ನೋಡುತ್ತಿದ್ದರು.

ಮುಸ್ಲಿಮರೆಲ್ಲ ಎದ್ದು ನಮಾಜಿಗೆ ಹೋದರು. ಗೆಳೆಯನೂ ಜೋಳಿಗೆ, ರುದ್ರಾಕ್ಷಿಗಳನ್ನು ನನ್ನ ಕೈಗೆ ಕೊಟ್ಟು, ಮುಖ ತೊಳೆದುಕೊಂಡು ಹೋದ. ಉಳಿದವರು ಏಳಲು ನೋಡಿದಾಗ ಅಜ್ಜಾರು, "ಕೂಡ್ರಿ. ಹೋದವರು ಬರ್ಲಿ. ಮಂಗಳ ಹಾಡದ ಹ್ಯಾಂಗ ಏಳತೀರಿ?" ಎಂದರು. ಎಲ್ಲರೂ ಕುಳಿತರು. ಅವರು ತಿರುಗಿ ಬಂದಾಗ ಗೆಳೆಯನ ತೊಳೆದ ಹಣೆಗೆ ಮತ್ತೆ ವಿಭೂತಿ ಹಚ್ಚಿದವರು ಅಜ್ಜಾರೇ. ಕಂದೀಲು ಹಚ್ಚುವ ಹೊತ್ತಿಗೆ ಮಂಗಳ ಹಾಡಿ ಮುಗಿಸಿದೆವು.

ಆದರೆ ಚದುರುವ ಜನರ ನಡುವೆ ಒಂದು ಮಾತು ಓಡಾಡುತ್ತಿತ್ತು. "ನಾಟಕದ ಸಲುವಾಗಿ ಅಜಾನ್ ತಡ ಆತು ನೋಡ್ರಿ." ಅಪ್ಪನಿಗೂ ಕೇಳಿಸಿತು. ಅವನು ರಾತ್ರಿ ಊಟ ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೆಡ್ ಮಾಸ್ತರರು ಅಪ್ಪನನ್ನೂ ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ನಾವು ಹೋಗಿ ನಿಲ್ಲುವಷ್ಟರಲ್ಲಿ ಮುಲ್ಲಾ ಕಾಕಾ ಒಳಗೆ ಬಂದರು. ಹೆಡ್ ಮಾಸ್ತರರಿಗೆ ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ಕಾಕಾ ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು.

"ಸಾಹೇಬ್ರ, ಒಂದು ತಕರಾರು ಬರಕೊಳ್ರಿ."

ಅಪ್ಪ ಮೇಜಿನ ಅಂಚು ಹಿಡಿದುಕೊಂಡ.

"ನನ್ನ ಮ್ಯಾಲ ಬರೀರಿ. ನಿನ್ನಿ ಅಜಾನ್ ತಡ ಆತು. ತಪ್ಪು ನಂದು, ಮಾಸ್ತರಂದಲ್ಲ, ಈ ಪೋರಗೋಳದೂ ಅಲ್ಲ. ಮೂರನೇ ಒನ್ಸ್ ಮೋರ್ ಹೊಡದಾಂವ ನಾ. ಬ್ಯಾರೆ ಯಾರರ ಬಂದು ನಾಟಕದ ಮ್ಯಾಲ ಹಾಕೂಕಿಂತ ಮೊದಲ ನನ್ನ ಹೆಸರು ಬರದುಬಿಡ್ರಿ. ಸಹಿ ಮಾಡ್ತೇನಿ."

ಹೆಡ್ ಮಾಸ್ತರರು ಶೇರ್ವಾನಿಯ ಕಿಸೆಯಿಂದ ಗಡಿಯಾರ ತೆಗೆದು ಮೇಜಿನ ಮೇಲೆ ಇಟ್ಟರು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: "ನಿನ್ನೆ ಆ ಅಂಗಳದಲ್ಲಿ ಗಡಿಯಾರ ಇದ್ದದ್ದು ನನ್ನೊಬ್ಬನ ಹತ್ತಿರ. ನಾನೂ ಅದನ್ನು ನೋಡಲಿಲ್ಲ. ನೀವು ತಪ್ಪು ಬರೆಸುವುದಾದರೆ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ." ಆಮೇಲೆ ತಕರಾರಿನ ಪುಸ್ತಕ ಮುಚ್ಚಿ, ಅಪ್ಪನ ಕಡೆ ನೋಡಿ, ಮೊದಲ ಸಲ ಕನ್ನಡದಲ್ಲಿ ಅಂದರು: "ಮಾಸ್ತರ್, ಗಂಟಿ ಆತು. ಕ್ಲಾಸಿಗೆ ಹೋಗ್ರಿ."

ಅಪ್ಪ ಹೋದ. ಅವನ ಹಿಂದೆ ನಾವಿಬ್ಬರೂ ಓಡಿದೆವು. ಅವನು ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಅಂದಿನ ಕನ್ನಡ ಪಾಠ ಬರೆಯತೊಡಗಿದ.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಶಾಲೆಯ ಹಬ್ಬಕ್ಕೆ ನಾನೂ ಬಂದಿದ್ದೆ. ಬಣ್ಣದ ದೀಪ, ಎದೆ ಗುದ್ದುವ ಸ್ಪೀಕರು, ಹಾಡು ಯಂತ್ರದಿಂದ, ಕುಣಿತ ನಿಮ್ಮದು. ಚೆನ್ನಾಗಿತ್ತು, ಸುಮ್ಮನೆ ಹೇಳುತ್ತಿಲ್ಲ. ನಿಮ್ಮ ವೇಳಾಪಟ್ಟಿಯನ್ನೂ ನೋಡಿದ್ದೇನೆ. ದಿನಾಲೂ ಕನ್ನಡ, ಕೆಲವು ದಿನ ಎರಡೆರಡು ಸಲ. ಅದನ್ನು ಉಳಿಸಿಕೊಳ್ಳಲು ನಿಮ್ಮ ಮಾಸ್ತರರು ಯಾರ ಹುಬ್ಬನ್ನೂ ನೋಡುತ್ತ ನಿಲ್ಲಬೇಕಾಗಿಲ್ಲ. ಆ ಗಂಟೆಯಲ್ಲಿ ನೀವು ಆಕಳಿಸುತ್ತೀರೆಂದು ನಿಮ್ಮ ಅಮ್ಮ ದೂರು ಹೇಳುತ್ತಾಳೆ. ನಾನು ಬೈಯುವುದಿಲ್ಲ. ಕನ್ನಡದ ಗಂಟೆಯಲ್ಲಿ ಇಷ್ಟು ನಿಶ್ಚಿಂತೆಯಿಂದ ಆಕಳಿಸುವ ಮಕ್ಕಳನ್ನು ಕಂಡಿದ್ದರೆ, ನನ್ನ ಅಪ್ಪ ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮನ್ನೇ ನೋಡುತ್ತಿದ್ದ.