ಕೂತಲ್ಲಿ ಕೂರದ ಮಾಸ್ತರು

ಮಾಸ್ತರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪು, ಇನ್ನರ್ಧ ಇರಲೇ ಇಲ್ಲ. ಆ ಕೈ ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಚಹಾಕ್ಕೆ ಬಂದರೆ ನಮ್ಮ ಬಾಗಿಲ ಚಿಲಕ ಅಲ್ಲಾಡಿಸಿ ನೋಡುವುದು, ಸಡಿಲವಾಗಿದ್ದರೆ ಬಿಗಿ ಮಾಡುವುದು. ಚಹಾ ಆರಿ ಹೋಗುತ್ತಿತ್ತು.

ವಾಡಿ ಊರಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅವರದು ಎದುರು ಮನೆ. ಸಿಮೆಂಟ್ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದವರು ತಲೆ ನರೆತ ಮೇಲೆ ಅದನ್ನು ಬಿಟ್ಟು ಐ.ಟಿ.ಐ.ಯಲ್ಲಿ ಕಲಿಸಲು ಸೇರಿದರು. ನಾನು ಶಾಲೆಯಲ್ಲಿ ಎರಡನೆಯ ಇಯತ್ತೆ ದಾಟಿದವಳಲ್ಲ. ಅವರ ಮಾತಿನ ಮೇಲೆ ನನ್ನ ಮೊಮ್ಮಗಳನ್ನೂ ಅಲ್ಲಿಗೇ ಫಿಟ್ಟರ್ ಕಲಿಯಲು ಕಳಿಸಿದೆ.

ಇದ್ದದ್ದನ್ನು ಹೇಳುತ್ತೇನೆ, ಅವರಿಗೆ ಕಲಿಸಲು ಬರುತ್ತಿರಲಿಲ್ಲ. ಕಾರಖಾನೆಯಲ್ಲಿ ಮಷಿನ್ ನಿಂತರೆ ಎಲ್ಲರೂ ಓಡಬೇಕು. ಆ ಓಟ ಅವರ ಮೈಯಿಂದ ಇಳಿದಿರಲಿಲ್ಲ. ಮಕ್ಕಳು ಕೈಯಲ್ಲಿ ಅರ ಹಿಡಿಯುವಷ್ಟರಲ್ಲಿ “ಸರಿ, ಸರಿ” ಎಂದು ಪಕ್ಕಕ್ಕೆ ದೂಡಿ ತಾವೇ ಕಬ್ಬಿಣ ಉಜ್ಜಿಬಿಡುತ್ತಿದ್ದರು.

“ಆಯಿ, ಮಾಸ್ತರ್ ಕಲಸಂಗಿಲ್ಲ, ತಾವೇ ಮಾಡ್ತಾರ. ನಾವು ಸಿನಿಮಾ ನೋಡ್ದಂಗ ನೋಡ್ತೀವಿ” ಎಂದು ಮೊಮ್ಮಗಳು ನಗುತ್ತಿದ್ದಳು.

ಆ “ಸರಿ”ಯೇ ಒಂದು ದಿನ ಕೈಕೊಟ್ಟಿತು. ನಮ್ಮ ಹುಡುಗಿ ಡ್ರಿಲ್ಲಿಂಗ್ ಮಷಿನ್ ಮುಂದೆ ನಿಂತಿದ್ದಳು. ಕಬ್ಬಿಣದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿರಲಿಲ್ಲ. ದೂರದಿಂದ ಅದನ್ನು ಕಂಡ ಇವರು “ಸರಿ!” ಎಂದು ಕೂಗಿದರು, ಹಿಂದಕ್ಕೆ ಸರಿ ಎಂದು. ಅವಳು ತಾನು ಮಾಡಿದ್ದು ಸರಿಯಿದೆ ಎಂದು ತಿಳಿದು ಹಿಡಿಕೆ ಒತ್ತಿದಳು. ಪಟ್ಟಿ ಗಿರ್ರನೆ ತಿರುಗಿ ಅಂಗೈ ಸೀಳಿತು.

ಸಂಜೆ ಮಾಸ್ತರು ಗಿರಣಿಗೆ ಬಂದರು. ಕೂರಲಿಲ್ಲ. ಚೀಲಗಳ ನಡುವೆ ಅತ್ತಿಂದಿತ್ತ ತಿರುಗಿದರು.

“ಆಯಿ, ರಾಜೀನಾಮಿ ಕೊಡ್ತೀನ್ರಿ. ಕಾರಖಾನಿಯವ್ರು ಮತ್ತ ಬಾ ಅನ್ಲಿಕತ್ತಾರ. ಇದು ನನ್ನ ಕೈಲೆ ಆಗಂಗಿಲ್ಲ.”

“ಹೋಗ್ರಿ, ಯಾರು ಬ್ಯಾಡ ಅಂದಾರ? ಅಕಿ ಒಳಗ ಕುಂತು ಇನ್ನ ಮಷಿನ್ ಮುಟ್ಟಂಗಿಲ್ಲ ಅಂತ ಅಳಾಕತ್ತಾಳ. ಆ ಅಂಜಿಕಿ ತೆಗದು ಹೋಗ್ರಿ. ನಾ ತೆಗಿಲೇನು ಅದನ್ನ?”

ಬಾಗಿಲ ಚಿಲಕ ಮುಟ್ಟಿಯೂ ನೋಡದೆ ಹೋದರು.

ಗಾಯ ಮಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಗಿರಣಿ ಕಿರ್ರೆಂದು ನಿಂತಿತು. ಬೇರಿಂಗ್ ಹೋಗಿತ್ತು. ಮಾಸ್ತರಿಗೆ ಹೇಳಿ ಕಳಿಸಿದೆ. ಹೊಸ ಬೇರಿಂಗ್ ಹಿಡಿದು ಬಂದವರು ತೋಳು ಏರಿಸಿದರು.

“ನೀವಲ್ಲ, ಅಕಿ” ಎಂದೆ.

ಮೊಮ್ಮಗಳು ಹಿಂದಕ್ಕೆ ಸರಿದಳು, ನಾನು ಸ್ಪ್ಯಾನರ್ ಅವಳ ಕೈಗೇ ಕೊಟ್ಟೆ. ಅವರು ಕರೆಂಟ್ ತೆಗೆಸಿ, ಜೋಳದ ಚೀಲದ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡರು. ಗಿರಣಿಗೆ ಬಂದ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆಯೇ?

“ಮಾಸ್ತರ್, ಪಗಾರ ತಗೊಂಡು ಕುಂದ್ರಾಕ ಛಲೋ ಕಲ್ತೀರಿ ಬಿಡ್ರಿ!”

“ಹಿಟ್ಟ ಸಿಗಲಿಲ್ಲಂದ್ರ ನಮ್ಮನಿ ಗಂಡಸರನ್ನ ರೊಟ್ಟಿಗಿ ನಿಮ್ಮನಿಗೇ ಕಳಸ್ತೀನಿ!”

ಮಾಸ್ತರು ಏಳಲಿಲ್ಲ. ಹುಡುಗಿ ಬೇರಿಂಗ್ ಸೊಟ್ಟ ಕೂರಿಸಿದಳು. ಅವರಿಗೆ ಕಂಡಿತು. ಕಂಡದ್ದು ನನಗೆ ಅವರ ಮುಖದಲ್ಲಿ ಕಂಡಿತು. ತುಟಿ ಕಚ್ಚಿಕೊಂಡರು.

“ಕೈಲೆ ತಿರುವಿ ನೋಡವಾ” ಎಂದರು, ಅಷ್ಟೇ.

ತಿರುವಿದಳು. “ಹಿಡ್ಯಾಕತ್ತದ ಸರ್. ಸೊಟ್ಟ ಕುಂತದ.”

“ಮತ್ತ?”

ಅವಳು ಬಿಚ್ಚಿ ಮತ್ತೆ ಕೂರಿಸಿದಳು. ಕರೆಂಟ್ ಹಾಕಿಸಿ ತಾನೇ ಬಟನ್ ಒತ್ತಿದಳು. ಗಿರಣಿ ತಿರುಗುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಕೆಲಸ ಮಾಡಿದವಳಿಗಿಂತ ಕೂತವರ ಅಂಗಿಯೇ ಹೆಚ್ಚು ಒದ್ದೆ.

“ಕಾರಖಾನ್ಯಾಗ ಇಷ್ಟು ದಣದಿರಲಿಲ್ಲ ನೋಡ್ರಿ ಆಯಿ” ಎಂದರು. ರಾಜೀನಾಮೆಯ ಮಾತು ಮತ್ತೆ ಎತ್ತಲಿಲ್ಲ. ನಿವೃತ್ತಿಯವರೆಗೂ ಕಲಿಸಿದರು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ನಾನು ಅಳುವವಳಲ್ಲ. ಮಣ್ಣಿಗೆ ಹೋಗಿ ಬಂದೆ, ಮರುದಿನ ಗಿರಣಿಯ ಬಾಗಿಲು ತೆಗೆದೆ.

ಮೊಮ್ಮಗಳು ಈಗ ಸೇಡಂ ಕಡೆ ಒಂದು ಕಾರಖಾನೆಯಲ್ಲಿದ್ದಾಳೆ. ಅವಳ ಕೈಕೆಳಗೆ ಹೊಸಬರನ್ನು ಹಾಕಿದ್ದಾರಂತೆ. “ಆಯಿ, ಇವ್ರಿಗಿ ಕಲಸೋದ್ರಾಗ ನಾನೇ ಮಾಡಿ ಮುಗಸ್ತೀನಿ” ಎಂದು ಫೋನಿನಲ್ಲಿ ರೇಗುತ್ತಾಳೆ.

ನಾನು ಬಿಡುವುದಿಲ್ಲ. “ನಿನಗ ಕಲಿಸಿದವ್ರು ಊರ ಹೆಣ್ಮಕ್ಕಳ ಕೈಲೆ ಬೈಸ್ಕೋತ ಕುಂತಿದ್ರು. ನೀನೂ ಕುಂದ್ರು” ಎನ್ನುತ್ತೇನೆ.