ಎರವಲು ತಂದ ಸೋಫಾ

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಏಳನೇ ವಯಸ್ಸಿನಲ್ಲೇ ದಿನಸಿ ಅಂಗಡಿಯವನು ಚೀಟಿಯಲ್ಲಿ ತಪ್ಪು ಕೂಡಿದ್ದನ್ನು ಹಿಡಿದು, ನಾಲ್ಕು ಜನರ ಮುಂದೆ ಅವನ ಬೆವರಿಳಿಸಿ ಬಂದಿದ್ದಳು. ಅಂದು ಅಪ್ಪ ಇಟ್ಟ ಹೆಸರು ‘ವಕೀಲಮ್ಮ’, ಅದೇ ಗಟ್ಟಿಯಾಯಿತು. ಓದಲು ಹೋದದ್ದು ಮಾತ್ರ ವಕೀಲಿಕೆಯಲ್ಲ, ಕೃತಕ ಕೈಕಾಲು ತಯಾರಿಸುವ ವಿದ್ಯೆ. ಅದಕ್ಕೆಂದು ಪರದೇಶಕ್ಕೆ ಬಂದು ಮೂರು ವರ್ಷವಾಗಿತ್ತು. ಇನ್ನೊಂದೇ ವರ್ಷ ಬಾಕಿ, ಆ ಒಂದು ವರ್ಷದ ಫೀಸಿಗೇ ಈಗ ದಾರಿಯಿರಲಿಲ್ಲ.

ಮೂರು ವರ್ಷ ಅವಳ ಫೀಸು ಕಟ್ಟಿದ್ದು ಅಪ್ಪನ ಲಾರಿ. ಹೋದ ವರ್ಷ ಅಪ್ಪನ ಬೆನ್ನಿಗೆ ಆಪರೇಷನ್ ಆಯಿತು. ಇನ್ನು ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಲಾರಿ ಮಾರಿದ ದುಡ್ಡು ಆಸ್ಪತ್ರೆಯ ಹೊಟ್ಟೆ ಸೇರಿತು. ಅಮ್ಮ ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು, ಒಲೆ ಉರಿಯುತ್ತಿದ್ದದ್ದು ಅದರಿಂದ. ಇತ್ತ ವಕೀಲಮ್ಮ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಿದ್ದಳು. ಮೆಷಿನ್ನಿನಿಂದ ಸುಡುಸುಡುತ್ತ ಬರುವ ಮಂಚದಗಲದ ಬಿಳಿ ಬಟ್ಟೆ, ಆ ತುದಿಗೊಬ್ಬರು ಈ ತುದಿಗೊಬ್ಬರು, ಎಳೆದು ಕೂಡಿಸಿ ಮಡಚು, ಇಡು, ಮತ್ತೊಂದು ತೆಗೆ. ಓದುವವರು ವಾರಕ್ಕೆ ಇಪ್ಪತ್ತು ಗಂಟೆ ಮೀರಿ ದುಡಿದರೆ ವೀಸಾಕ್ಕೇ ಕುತ್ತು. ಬಂದ ಸಂಬಳ ಕೋಣೆಯ ಬಾಡಿಗೆಗೆ, ಬ್ರೆಡ್ಡಿಗೆ ಸರಿಹೋಗುತ್ತಿತ್ತು.

ಹಾಗಂತ ತಲೆ ಮೇಲೆ ಕೈ ಹೊತ್ತು ಕೂರುವ ಪೈಕಿ ಅಲ್ಲ ಅವಳು. ಯೂನಿವರ್ಸಿಟಿಯ ಸುತ್ತೋಲೆಗಳನ್ನೆಲ್ಲ ಜಾಲಾಡಿ ಒಂದು ನೆರವಿನ ನಿಧಿ ಪತ್ತೆ ಹಚ್ಚಿದಳು. ಕೊನೆಯ ವರ್ಷದ ಪರದೇಶಿ ವಿದ್ಯಾರ್ಥಿಗಳಿಗೆ, ಮನೆಯ ಸಂಪಾದನೆ ಇದ್ದಕ್ಕಿದ್ದಂತೆ ಬಿದ್ದುಹೋದವರಿಗೆ. ಅರ್ಜಿ ತುಂಬಿ ಕೊಟ್ಟಳು. ಉಳಿದದ್ದು ಒಂದೇ: ನಿಧಿಯ ಅಧಿಕಾರಿ ವಿಡಿಯೋದಲ್ಲಿ ಮನೆಯವರನ್ನು ಮಾತಾಡಿಸಿ, ಪರಿಸ್ಥಿತಿಯನ್ನು ಕಣ್ಣಾರೆ ನೋಡಬೇಕು. ಸತ್ಯ ಹೇಳುವುದಕ್ಕೆ ಅಷ್ಟೇನು ಕಷ್ಟ ಅಂದುಕೊಂಡು ಮನೆಗೆ ಫೋನು ಮಾಡಿದಳು.

“ಅಮ್ಮ, ಬುಧವಾರ ಯೂನಿವರ್ಸಿಟಿಯವರು ವಿಡಿಯೋದಲ್ಲಿ ಮನೆ ನೋಡ್ತಾರೆ. ಇರೋದನ್ನ ಇರೋ ಹಾಗೆ ಹೇಳಿಬಿಡು, ಸಾಕು.”

ಅಮ್ಮನ ಕಿವಿಗೆ ಬಿದ್ದದ್ದು ‘ಮನೆ ನೋಡ್ತಾರೆ’ ಅನ್ನುವುದಷ್ಟೇ.

ಬುಧವಾರ ಬೆಳಿಗ್ಗೆ ಎರಡನೇ ಮಹಡಿಯ ಆ ಆಫೀಸಿನಲ್ಲಿ ವಕೀಲಮ್ಮ ಅಧಿಕಾರಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅಧಿಕಾರಿ ತೆಳ್ಳಗಿನ ಮನುಷ್ಯ, ಕನ್ನಡಕ ಸದಾ ಮೂಗಿನ ತುದಿಯಲ್ಲಿ. ಕೆಟ್ಟವನಲ್ಲ, ಆದರೆ ನಿಯಮ ಬಿಟ್ಟು ಅವನ ಪೆನ್ನು ಅಲುಗಾಡುತ್ತಿರಲಿಲ್ಲ. ಅವನ ಭಾಷೆ ಅಮ್ಮನಿಗೆ ಬಾರದು, ಅಮ್ಮನದು ಅವನಿಗೆ ಬಾರದು. ನಡುವೆ ವಕೀಲಮ್ಮನದೇ ಬಾಯಿ.

ಪರದೆ ಬೆಳಗಿತು.

ಕೆಂಪು ಮಖಮಲ್ಲಿನ ಸೋಫಾ! ಹಿಂದೆ ಕಿಟಕಿಗೆ ಹೊಸ ಪರದೆ, ಪಕ್ಕದಲ್ಲಿ ಹೂದಾನಿ. ಸೋಫಾದ ಮೇಲೆ ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟಿನಲ್ಲಿ ಅಪ್ಪ. ಬೀಗರು ಬರುವವರಿದ್ದಾರೇನೋ ಎಂಬಂತೆ ಸಿಂಗರಿಸಿಕೊಂಡ ಅಮ್ಮ, ಕೊರಳಲ್ಲಿ ಎರಡೆಳೆ ಸರ. ಅಮ್ಮನ ಸ್ವಂತ ಸರ ಆಪರೇಷನ್ನಿಗೇ ಹೋಗಿತ್ತು. ಸೋಫಾ, ಸರ ಎರಡೂ ಪಕ್ಕದ ಮನೆ ಮೇಷ್ಟ್ರ ಹೆಂಡತಿಯವು ಎಂದು ಹೇಳಲು ವಕೀಲಮ್ಮನಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.

ಅಧಿಕಾರಿ ಮೊದಲ ಪ್ರಶ್ನೆ ಕೇಳಿದ. ಅವಳು ದಾಟಿಸಿದಳು.

“ಮನೆ ಖರ್ಚು ಹೇಗೆ ನಡೀತಿದೆ ಅಂತ ಕೇಳ್ತಿದಾರೆ, ಅಮ್ಮ.”

“ನಮಗೇನು ಕಮ್ಮಿ ಅನ್ನು. ಯಾರ ಮುಂದೇನೂ ಕೈ ಚಾಚೋ ಗತಿ ಬಂದಿಲ್ಲ ಅನ್ನು.”

“ಕೈ ಚಾಚೋಕೇ ನಾನಿಲ್ಲಿ ಕೂತಿರೋದು ಅಮ್ಮ!”

“ಮೆಲ್ಲಗೆ ಮಾತಾಡೇ, ಅವರಿಗೆ ಕೇಳಿಸುತ್ತೆ.”

“ಕೇಳಿಸಿದ್ರೂ ಅರ್ಥ ಆಗಲ್ಲ. ಆ ಸೋಫಾ ಮೇಷ್ಟ್ರ ಮನೇದು ತಾನೆ?”

“ಮತ್ತಿನ್ನೇನು, ಬಂದವರನ್ನ ಚಾಪೆ ಮೇಲೆ ಕೂರಿಸ್ಲಾ?”

“ಯಾರು ಬಂದಿದಾರಮ್ಮ? ಕೂತಿರೋದು ನೀವಿಬ್ರೇ!”

ಅಧಿಕಾರಿ ಕನ್ನಡಕದ ಮೇಲಿನಿಂದ ಸೋಫಾವನ್ನು ಒಮ್ಮೆ, ಸರವನ್ನು ಒಮ್ಮೆ ನೋಡಿದ. “ನಿಮ್ಮ ತಾಯಿ ಏನು ಹೇಳಿದರು?” ಎಂದ.

ಅಮ್ಮನ ಮಾತನ್ನು ಹಾಗೇ ದಾಟಿಸಿದರೆ ಕೊನೆಯ ವರ್ಷಕ್ಕೆ ಎಳ್ಳುನೀರು. ನಿಜ ಹೇಳಿದರೆ, ಊರೆಲ್ಲ ಓಡಾಡಿ ಅಮ್ಮ ಒಟ್ಟುಮಾಡಿದ ಮರ್ಯಾದೆಯನ್ನು ತಾನೇ ಬೀದಿಗೆ ಹಾಕಿದಂತೆ. ಭಾಷೆ ತಿಳಿಯದಿದ್ದರೇನು, ಅಧಿಕಾರಿಯ ಮುಖ ನೋಡಿ ಅಮ್ಮ ಗೊತ್ತುಮಾಡಿಕೊಳ್ಳುತ್ತಾಳೆ. ಅಮ್ಮನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು.

“ಅಮ್ಮ, ನಾನು ನಿಜ ಹೇಳಿಬಿಡ್ತೀನಿ.”

ಅಮ್ಮ ದನಿ ತಗ್ಗಿಸಿದಳು. “ಬೇಡ ಕಣೇ. ನಿಮ್ಮಪ್ಪ ಪಕ್ಕದಲ್ಲೇ ಇದಾರೆ. ನೊಂದ್ಕೋತಾರೆ.”

ಅಪ್ಪ ಆಗ ಸೋಫಾದ ತೋಳಿಗೆ ಕೈಯೂರಿ ಮೆಲ್ಲಗೆ ಎದ್ದ. ಸ್ಟೂಲಿನ ಮೇಲಿದ್ದ ಫೋನು ಕೈಗೆತ್ತಿಕೊಂಡ. ಪರದೆಯಲ್ಲಿ ಫ್ಯಾನು, ಗೋಡೆ, ಬಾಗಿಲು ಎಲ್ಲ ತೂರಾಡಿದವು. “ಅಯ್ಯೋ, ಅಲ್ಲಿಗೆ ಬೇಡ ಅಂದ್ರೆ!” ಎಂದು ಅಮ್ಮ ಹಿಂದಿನಿಂದ ಕೂಗಿದಳು. ಅಪ್ಪ ಹಿಂದಿನ ಕೋಣೆಗೆ ಹೋಗಿ ನಿಂತ.

ಕಿಟಕಿಯ ಕೆಳಗೆ ಅಮ್ಮನ ಹೊಲಿಗೆ ಮೆಷಿನ್ನು. ಪಕ್ಕದಲ್ಲಿ ಸೊಂಟದೆತ್ತರ ಬಿಳಿ ಶರ್ಟುಗಳ ರಾಶಿ. ಗೋಡೆಗೊರಗಿಸಿದ ದಿಂಬು, ಅದರ ಮುಂದೆ ಗುಂಡಿ ತುಂಬಿದ ಡಬ್ಬ, ದಾರ ಪೋಣಿಸಿಟ್ಟ ಸೂಜಿ, ಒಂದು ಗಂಡಸರ ಕನ್ನಡಕ. ಅಪ್ಪ ಒಂದು ಶರ್ಟೆತ್ತಿ ಕ್ಯಾಮೆರಾಗೆ ಹಿಡಿದ.

“ವಕೀಲಮ್ಮ, ಅವರಿಗೆ ಹೇಳು. ಇಪ್ಪತ್ತಾರು ವರ್ಷ ಲಾರಿ ಓಡಿಸಿದೆ. ಈಗ ಬೆನ್ನು ಕೆಟ್ಟಿದೆ, ಕೈ ಚೆನ್ನಾಗಿದೆ. ನಿಮ್ಮಮ್ಮ ಹೊಲೀತಾಳೆ, ನಾನು ಗುಂಡಿ ಹಾಕ್ತೀನಿ. ದಿನಕ್ಕೆ ಮೂವತ್ತು ಶರ್ಟು. ಮೊದಮೊದಲು ಬೆರಳನ್ನೇ ಹೊಲ್ಕೋತಿದ್ದೆ, ಈಗ ಕುದುರಿದೆ. ಇದರಲ್ಲಿ ಮನೆ ನಡೆಯುತ್ತೆ, ನಿನ್ನ ಫೀಸು ನಡೆಯಲ್ಲ. ಹೀಗೇ ಹೇಳು, ಒಂದು ಮಾತೂ ಕಮ್ಮಿ ಮಾಡಬೇಡ.”

ವಕೀಲಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ತನ್ನ ಶರ್ಟಿನ ಗುಂಡಿ ಕಿತ್ತುಹೋದರೆ ಪಿನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಮನುಷ್ಯ ಈತ. ಫೋನು ಮಾಡಿದಾಗಲೆಲ್ಲ “ಟಿವಿ ನೋಡ್ತಾ ಆರಾಮಾಗಿದೀನಿ” ಅನ್ನುತ್ತಿದ್ದ. ಅಪ್ಪನ ಮೇಲೆ ಅವಳಿಗೆ ಹೆಮ್ಮೆ ಉಕ್ಕಿತು, ಅದರ ಜೊತೆಗೇ ಅಳುವೂ ಬಂತು. ಅಧಿಕಾರಿಯ ಮುಂದೆ, ಹಗಲು ಹನ್ನೊಂದು ಗಂಟೆಗೆ, ಗಳಗಳ ಅತ್ತುಬಿಟ್ಟಳು.

“ಏನಮ್ಮ, ನಿನ್ನ ಬಾಯೂ ಕಟ್ಟಿಹೋಗುತ್ತಾ?” ಎಂದ ಅಪ್ಪ. “ಹೇಳು, ಪಾಪ ಕಾಯ್ತಿದಾರೆ.”

ಮೂಗೊರೆಸಿಕೊಂಡು ಹೇಳಿದಳು. ‘ನಮಗೇನು ಕಮ್ಮಿ’ಯಿಂದ ಹಿಡಿದು ಬೆರಳು ಹೊಲಿದುಕೊಂಡದ್ದರವರೆಗೆ, ಸೋಫಾ ಯಾರದು, ಸರ ಯಾರದು, ಅಮ್ಮ ಯಾಕೆ ತಂದಳು ಎಲ್ಲವನ್ನೂ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಇದನ್ನು ಹೀಗೇ ವರದಿಯಲ್ಲಿ ಬರೆಯಬೇಕಾಗುತ್ತದೆ. ಸಮಿತಿಯವರು ಓದುತ್ತಾರೆ. ನಿಮ್ಮ ತಂದೆಯ ಒಪ್ಪಿಗೆ ಇದೆಯೇ?”

ಅವಳು ಕೇಳಿದಳು.

“ಬರೀಲಿ,” ಎಂದ ಅಪ್ಪ. “ದಪ್ಪ ಅಕ್ಷರದಲ್ಲೇ ಬರೀಲಿ.”

ಹತ್ತು ದಿನಕ್ಕೆ ಕಾಗದ ಬಂತು. ಫೀಸಿನಲ್ಲಿ ಅರ್ಧ ಮನ್ನಾ, ಉಳಿದರ್ಧ ನಾಲ್ಕು ಕಂತಿನಲ್ಲಿ. ಲಾಂಡ್ರಿಯ ಮೆಟ್ಟಿಲ ಮೇಲೆ ನಿಂತೇ ಅವಳು ಮನೆಗೆ ಸುದ್ದಿ ಹೇಳಿದಳು. “ಗುಡಿಸದೆ ಇದ್ದ ಕೋಣೇನ ಅಷ್ಟು ದೊಡ್ಡ ಮನುಷ್ಯರಿಗೆ ತೋರಿಸಿಬಿಟ್ರಲ್ಲೇ ನಿಮ್ಮಪ್ಪ,” ಎಂದು ಅಮ್ಮ ಮೊದಲು ಬೈದು, ಆಮೇಲೆ ಅತ್ತು, ಫೋನನ್ನು ಅಪ್ಪನಿಗೆ ಕೊಟ್ಟಳು.

“ಇನ್ನೂ ಅರ್ಧ ಉಳೀತಲ್ಲಪ್ಪ,” ಎಂದಳು ವಕೀಲಮ್ಮ.

“ನೀನು ಅಲ್ಲಿ ಮಡಚು, ನಾವು ಇಲ್ಲಿ ಹೊಲೀತೀವಿ. ಓದೋದೊಂದು ನಮ್ಮ ಕೈಲಾಗಲ್ಲ, ಅದನ್ನ ನೀನು ನೋಡ್ಕೊ.”