ಒಂದು ಕೋಣೆ ಬಿಟ್ಟು ಎಲ್ಲ ಒಡೆದ ಭಾವ

ನಮ್ಮ ಭಾವನದು ಒಡೆಯುವ ಕೆಲಸ. ಊರಿನಲ್ಲಿ ಯಾವ ಹಳೆಯ ಕಟ್ಟಡ ನೆಲಸಮವಾಗಬೇಕಿದ್ದರೂ ಅವರ ತಂಡಕ್ಕೇ ಕರೆ. ತಂಡದ ಮೇಸ್ತ್ರಿ ಅವರೇ. ಮೂರು ಮಹಡಿ ಉರುಳಿಸಿ ಬಂದ ಈ ಮಹಾಶಯರು ಮನೆಯಲ್ಲಿ ಒಂದು ಲೋಟ ಒಡೆದರೆ ಮಾತ್ರ, ಅಕ್ಕನಿಗೆ ಹೆದರಿ, ಚೂರುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕೆಲಸದ ಜಾಗದ ಕಲ್ಲುಮಣ್ಣಿನಲ್ಲಿ ಸೇರಿಸಿ ಬರುತ್ತಾರೆ. ಅಕ್ಕನಿಗೆ ಇದು ಗೊತ್ತಿದೆ. ಗೊತ್ತಿದೆ ಅನ್ನುವುದು ಭಾವನಿಗೆ ಗೊತ್ತಿಲ್ಲ.

ಇಬ್ಬರೂ ಈ ದೇಶಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಪ್ರತಿಸಲ ವಾಸದ ಪರವಾನಗಿ ನವೀಕರಿಸುವ ಹೊತ್ತಿಗೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ, ಈ ಸಲ ಕಳಿಸಿಯೇ ಬಿಡುತ್ತಾರೆ ಅನ್ನುವ ಭಯ. ಅಂತೂ ಪೌರತ್ವಕ್ಕೆ ಅರ್ಜಿ ಹಾಕಿದರು. ಎಲ್ಲ ಮುಗಿದು ಒಂದೇ ಒಂದು ಬಾಕಿ ಉಳಿಯಿತು. ಅಧಿಕಾರಿಯೊಬ್ಬರು ಹೇಳದೆ ಕೇಳದೆ ಮನೆಗೆ ಬಂದು, ಇವರು ಕೊಟ್ಟ ವಿಳಾಸದಲ್ಲಿ ನಿಜವಾಗಿಯೂ ವಾಸವಾಗಿದ್ದಾರೆಯೇ ಎಂದು ನೋಡಬೇಕು. ಅಲ್ಲಿಯವರೆಗೆ ಮನೆ ಬದಲಿಸುವಂತಿಲ್ಲ. ಬದಲಿಸಿದರೆ ಕಡತ ಬೇರೆ ಕಚೇರಿಗೆ ಹೋಗಿ ಕಾಯುವುದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆಗಲೇ ಇವರು ಬಾಡಿಗೆಗಿದ್ದ ಕಟ್ಟಡವನ್ನು ಮಾಲೀಕರು ಮಾರಿಬಿಟ್ಟರು. ಕೊಂಡವರು ಒಡೆಸಲು ಹೊರಟರು. ಉಳಿದ ಬಾಡಿಗೆಯವರೆಲ್ಲ ಗಂಟುಮೂಟೆ ಕಟ್ಟಿದರು. ಒಂದು ಬೆಳಿಗ್ಗೆ ಭಾವನ ಕಂಟ್ರಾಕ್ಟರು ಮುಂದಿನ ಕೆಲಸದ ವಿಳಾಸ ಓದಿ ಹೇಳಿ, ಜಾಗ ಗೊತ್ತಾಗುತ್ತದೆಯೇ ಎಂದು ಕೇಳಿದರಂತೆ.

"ಗೊತ್ತಾಗುತ್ತೆ ಸಾರ್, ಈಗ ಅಲ್ಲಿಂದಲೇ ಬಂದೆ," ಅಂದರಂತೆ ಭಾವ.

ಕಂಟ್ರಾಕ್ಟರು ನಕ್ಕೂ ನಕ್ಕೂ ಸುಸ್ತಾಗಿ, ಗಡುವು ಮೀರಬಾರದು, ಯಾವ ಕಡೆಯಿಂದ ಒಡೆಯುತ್ತೀಯೋ ನಿನ್ನ ಇಷ್ಟ ಎಂದರು. ಲೋಕವೆಲ್ಲ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಒಡೆದರೆ ಭಾವ ಅತ್ತ ತುದಿಯಿಂದ ಇತ್ತ ತುದಿಗೆ ಬಂದರು. ಇತ್ತ ತುದಿಯ ಮೊದಲ ಮಹಡಿಯಲ್ಲಿ ಅವರ ಕೋಣೆ. ಬೆಳಿಗ್ಗೆ ತಂಡದವರು ಬರುವಾಗ ಭಾವ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಮೆಟ್ಟಿಲಿಳಿದು ಹಾಜರಿ ತೆಗೆದುಕೊಳ್ಳುತ್ತಿದ್ದರು. ಅಕ್ಕ ಹಾಲು ಕಾಯಲಿಟ್ಟು ಕಿಟಕಿಯಿಂದ ಕೈ ಆಡಿಸಿದರೆ ಸಾಕು, ಅದಕ್ಕೆ ಧೂಳು ಬೀಳದಂತೆ, ಹಾಲು ಉಕ್ಕಿ ಇಳಿಸುವವರೆಗೆ ಎಲ್ಲರೂ ಸುತ್ತಿಗೆ ಕೆಳಗಿಟ್ಟು ನಿಲ್ಲಬೇಕು. ನನಗೆ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ. ಬೆಳಗ್ಗೆ ಎದ್ದವಳೇ ಅಕ್ಕನ ಮನೆ ಇನ್ನೂ ಇದೆಯೋ ಇಲ್ಲವೋ ಎಂದು ನೋಡಲು ಓಡಿ ಬರುತ್ತಿದ್ದೆ. ದಿನ ಕಳೆದಂತೆ ಅದು ಬೊಚ್ಚುಬಾಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಕಾಣತೊಡಗಿತು. ಅಧಿಕಾರಿಯ ಸುಳಿವಿಲ್ಲ, ಗಡುವು ಮಾತ್ರ ಹತ್ತಿರ ಬರುತ್ತಿತ್ತು. ಅಕ್ಕ ಮತ್ತೆ ಊಟ ಬಿಟ್ಟಳು.

ತಂಡದಲ್ಲಿ ಒಬ್ಬನಿದ್ದ, ಆತುರಪ್ಪ ಅಂತಲೇ ಅವನನ್ನು ಕರೆಯುವುದು. ಒಂದು ಬೆಳಿಗ್ಗೆ ಪುಣ್ಯಾತ್ಮ, ಭಾವ ಹೇಳಿದ ಗೋಡೆ ಬಿಟ್ಟು ಅವರ ಕೋಣೆಯ ಮುಂದಿನ ಗೋಡೆಯನ್ನೇ ಕೆಡವಿದ. ಧೂಳು ಇಳಿದಾಗ ಅಕ್ಕ ತಲೆ ಬಾಚಿಕೊಳ್ಳುತ್ತಾ ಇಡೀ ತಂಡಕ್ಕೆ ಎದುರಾಗಿ ನಿಂತಿದ್ದಳು. ಬಾಗಿಲು ಮತ್ತು ಅದರ ಚೌಕಟ್ಟು ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗಿದ್ದವು. ಭಾವ ಆತುರಪ್ಪನ ಜನ್ಮ ಜಾಲಾಡುತ್ತಿರುವಾಗಲೇ ಗೇಟಿನಿಂದ ಕೂಗು ಬಂತು. ಅಧಿಕಾರಿ ಮೇಡಂ ಬಂದಿದ್ದರು. ಭಾವ ಒಂದೇ ಉಸಿರಿಗೆ ಕೋಣೆಗೆ ಓಡಿ ಬಂದರು.

ತಲೆಗೊಂದು ಹೆಲ್ಮೆಟ್ಟು ಹಾಕಿಕೊಂಡು ಅವರು ಮೆಟ್ಟಿಲು ಹತ್ತಿ ಬಂದರು. ಪಕ್ಕದಲ್ಲಿ ಗೋಡೆಯಿಲ್ಲ, ಅಕ್ಕ, ಭಾವ, ನಾನು ಮೂವರೂ ಅವರಿಗೆ ಕಾಣುತ್ತಿದ್ದೇವೆ. ಆದರೂ ಬಾಗಿಲು ತಟ್ಟಿದರು. ಭಾವ ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ಬಳಿ ಹೋಗಿ, "ಯಾರು?" ಎಂದು ಕೇಳಿ, ಚಿಲಕ ತೆಗೆದರು. ನಾನು ದಿಂಬಿಗೆ ಮುಖ ಒತ್ತಿಕೊಂಡೆ.

ಮೇಡಂ ಹಾಸಿಗೆ ನೋಡಿದರು, ಒಗೆದು ಹರವಿದ ಬಟ್ಟೆ ನೋಡಿದರು, ಒಲೆಯ ಮೇಲಿನ ಹಾಲು ನೋಡಿದರು. ನೆರೆಯವರು ಒಬ್ಬರಾದರೂ ಇವರು ಇಲ್ಲೇ ಇರುವುದು ನಿಜ ಎಂದು ಹೇಳಬೇಕು, ಎಲ್ಲಿ ನೆರೆಯವರು ಎಂದರು.

"ಅವರ ಮನೆಯೆಲ್ಲ ನಾನೇ ಒಡೆದೆ, ಮೇಡಂ," ಅಂದರು ಭಾವ ತಲೆ ತಗ್ಗಿಸಿ.

ಅಷ್ಟರಲ್ಲಿ ಕೆಳಗಿದ್ದ ತಂಡದವರೆಲ್ಲ ಒಬ್ಬೊಬ್ಬರಾಗಿ ಮೇಲೆ ಬಂದು, ಇರುವ ಒಂದು ಚೂರು ಮೊಗಸಾಲೆಯಲ್ಲಿ ಒತ್ತೊತ್ತಿ ನಿಂತು, ಬ್ರಷ್ಷಿನ ಕಥೆ, ಹಾಲಿನ ಕಥೆ ಎಲ್ಲ ಹೇಳಿದರು. ಹಾಲು ಕಾಯಲು ಕಾದು ಕಾದು ತಮ್ಮ ಕೆಲಸ ಎಷ್ಟು ಹಿಂದೆ ಬಿದ್ದಿದೆ ಎಂದು ಆತುರಪ್ಪ ದೂರೂ ಕೊಟ್ಟ. ಮೇಡಂ ನಗು ತಡೆಯಲಾರದೆ ಹೆಲ್ಮೆಟ್ಟು ತೆಗೆದು ಕಣ್ಣೊರೆಸಿಕೊಂಡರು. ಮತ್ತೆಷ್ಟು ದಿನ ಇಲ್ಲಿರುತ್ತೀರಿ ಎಂದು ಕೇಳಿದರು.

"ನೀವು ಮೆಟ್ಟಿಲು ಇಳಿಯೋವರೆಗೆ, ಮೇಡಂ," ಅಂದರು ಭಾವ.

ಅವರು ಸಹಿ ಹಾಕಿದರು. "ವಾಸ ಖಚಿತವಾಯ್ತು. ಪ್ರಮಾಣವಚನಕ್ಕೆ ಕರೀತೀವಿ, ಬನ್ನಿ. ಇನ್ನು ನೀವು ಎಲ್ಲಿ ಬೇಕಾದರೂ ಇರಬಹುದು."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಲ್ಲಿ ಬೇಕಾದರೂ ಅಂದರೆ, ಈ ದೇಶದಲ್ಲೇ ತಾನೇ?"

"ಈ ದೇಶದಲ್ಲೇ ಕಣಮ್ಮ."

ಸಾಮಾನೆಲ್ಲ ಕೆಳಗಿಳಿಸಿದೆವು. ಭಾವ ದೊಡ್ಡ ಸುತ್ತಿಗೆ ಎತ್ತಿಕೊಂಡು ಗೋಡೆಯ ಮುಂದೆ ನಿಂತವರು ನಿಂತೇ ಇದ್ದರು. ಎತ್ತುತ್ತಾರೆ, ಇಳಿಸುತ್ತಾರೆ, ಹೊಡೆಯಲು ಮನಸ್ಸು ಬರುವುದಿಲ್ಲ. ತಂಡದವರು ಮುಸಿಮುಸಿ ನಕ್ಕರು. ಅಕ್ಕ ಹೋಗಿ ಸುತ್ತಿಗೆ ಕಿತ್ತುಕೊಂಡಳು.

ಈ ಕೋಣೆಯಲ್ಲಿ ಅಕ್ಕ ಒಂದು ದಿನವೂ ಪಾತ್ರೆ ಸದ್ದು ಮಾಡಿದವಳಲ್ಲ. ಯಾರಾದರೂ ದೂರು ಕೊಟ್ಟಾರು, ಅದು ಕಚೇರಿಯವರೆಗೆ ಹೋದೀತು ಎಂದು ಹೆದರಿ ತುದಿಗಾಲಲ್ಲಿ ಓಡಾಡುತ್ತಿದ್ದಳು, ಕೆಮ್ಮು ಬಂದರೂ ಸೆರಗು ಒತ್ತಿಕೊಳ್ಳುತ್ತಿದ್ದಳು. ಅಂಥವಳು ಸುತ್ತಿಗೆ ಬೀಸಿ ಗೋಡೆಗೆ ಬಾರಿಸಿದಳು. ಬೀದಿಗೆಲ್ಲ ಕೇಳಿಸಿತು. ಎದುರು ಸಾಲಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಅಕ್ಕ ಅವರನ್ನೆಲ್ಲ ನೋಡಿದಳು, ಹೋ ಎಂದು ನಕ್ಕಳು, ಮತ್ತೆ ಬೀಸಿದಳು.

"ಸಾಕು ಬಿಡೇ, ಕೈ ನೋಯುತ್ತೆ," ಅಂದರು ಭಾವ.

"ನೋಯಲಿ ಬಿಡಿ," ಅಂದಳು ಅಕ್ಕ, ಇಡೀ ಬೀದಿಗೆ ಕೇಳುವ ಹಾಗೆ.